ಬಿಸಿಯಾಗದ ಟಿವಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮನ್‌ಹೊ ಇಡೀ ಜನ್ಮದಲ್ಲಿ ಜಂಬ ಕೊಚ್ಚಿಕೊಂಡವನಲ್ಲ. ಕೊಚ್ಚಿಕೊಂಡದ್ದು ಒಂದೇ ಸಲ, ಅದೂ ಬೀಗರ ಮುಂದೆ. ಕೊಚ್ಚಿಕೊಳ್ಳಲು ಬೇರೆ ಜಾಗವೇ ಸಿಗಲಿಲ್ಲವೇ ಎಂದು ಕೇಳಬೇಡಿ. ಸೋಜು ಎಂಬ ಹೆಂಡ ಒಳಗೆ ಹೋದಮೇಲೆ ಜಾಗ ನೋಡಿ ಮಾತಾಡುವವರು ಯಾರಿದ್ದಾರೆ?

ದೇಗು ಪಟ್ಟಣದ ಒಂದು ಊಟದ ಮನೆಯ ಒಳಕೋಣೆ. ಮದುವೆಗೆ ಮೊದಲು ಎರಡೂ ಮನೆಯವರು ಎದುರುಬದುರು ಕೂತು ಊಟ ಮಾಡುವ ಶಾಸ್ತ್ರ. ಈ ಕಡೆ ಮನ್‌ಹೊ, ಅವನ ಹೆಂಡತಿ ಮಲ್‌ಸುನ್, ಮಗಳು ಬೊರಾ. ಆ ಕಡೆ ಹುಡುಗ ಜುನ್‌ಸೊಪ್, ಅವನ ತಂದೆ ಮಿನ್ ಮೇಷ್ಟ್ರು, ತಾಯಿ. ಮಿನ್ ಮೇಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು, ಮಾತು ಕಡಿಮೆ. ಎಲ್ಲರೂ ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಮನೆ ಗಂಡಿನವರದು, ಮನೆಯೊಳಗಿನ ಸಾಮಾನು ಹೆಣ್ಣಿನವರದು ಎನ್ನುವ ಕಟ್ಟಳೆಯನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೊಸ ಜೋಡಿ ಸದ್ಯಕ್ಕೆ ಮೇಷ್ಟ್ರ ಮನೆಯಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಹಾಸಿಗೆ, ಫ್ರಿಜ್ಜು, ವಾಷಿಂಗ್ ಮಷೀನುಗಳ ಮಾತು ಮೆತ್ತಗೆ, ಸುತ್ತಿಬಳಸಿ ಮುಗಿದು, ಕೊನೆಗೆ ಟಿವಿಯ ಮಾತು ಬಂತು.

“ಟಿವಿ ಬಗ್ಗೆ ನೀವು ಯೋಚನೇನೇ ಮಾಡ್ಬೇಡಿ ಬೀಗರೇ,” ಅಂದುಬಿಟ್ಟ ಮನ್‌ಹೊ. “ಪ್ಲಾಸ್ಮಾ ಟಿವಿ ಕೊಡ್ತೀನಿ. ನಮ್ಮ ಕಾರ್ಖಾನೇದು. ನಾನೇ ಕೈಯಿಟ್ಟು ಪರೀಕ್ಷೆ ಮಾಡಿದ್ದನ್ನೇ ಕಳಿಸ್ತೀನಿ. ಈಗ ಎಲ್ಲ ಕಡೆ ಎಲ್‌ಸಿಡಿ ಎಲ್‌ಸಿಡಿ ಅಂತ ಕುಣೀತಾರಲ್ಲ, ಅದೇನು ಮಹಾ? ಹಿಂದುಗಡೆ ದೀಪ ಹಚ್ಚಿ ಮುಂದೆ ಪರದೆ ಎಳೆದ ಹಾಗೆ. ಪ್ಲಾಸ್ಮಾ ಹಾಗಲ್ಲ. ಚುಕ್ಕಿ ಚುಕ್ಕೀನೂ ತಾನೇ ಉರಿಯುತ್ತೆ. ಅದಕ್ಕೇ ಮುಟ್ಟಿದರೆ ಬೆಚ್ಚಗಿರುತ್ತೆ. ಜೀವ ಇರೋದಕ್ಕೆ ಮೈ ಬಿಸಿ ಇರಲೇಬೇಕಲ್ವಾ?”

ಮಲ್‌ಸುನ್ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು. ಅಷ್ಟರಲ್ಲಿ ಮಿನ್ ಮೇಷ್ಟ್ರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿಸಿದ್ದರು.

“ಅಪ್ಪನ ಕೈಯಲ್ಲಿ ಹಾದು ಬಂದ ಟಿವಿ ಮಗಳ ಜೊತೆ ನಮ್ಮನೆಗೆ ಬರುತ್ತೆ ಅಂದ್ರೆ ಅದಕ್ಕಿಂತ ಮರ್ಯಾದೆ ಯಾವುದಿದೆ? ನಡುಮನೇಲೇ ಇಡ್ತೀವಿ,” ಎಂದರು.

ಬೀಗಿತ್ತಿ ನಕ್ಕರು. “ನೀವು ಚಿನ್ನದ ಟಿವಿ ಕೊಟ್ಟರೂ ಇವರು ನೋಡೋದು ಒಂದೇ, ಬಾದುಕ್ ಆಟದ ಚಾನೆಲ್ಲು. ಬೆಳಿಗ್ಗೆ ಹಾಕಿದರೆ ಮಲಗೋವರೆಗೂ ಅದೇ ಮಣೆ, ಅದೇ ಗೆರೆ, ಅದೇ ಕರಿಕಲ್ಲು ಬಿಳಿಕಲ್ಲು. ಆಟಗಾರ ಒಂದು ಕಲ್ಲು ಇಡೋಷ್ಟರಲ್ಲಿ ನನ್ನ ಸಾರು ಕುದ್ದು ಆರಿರುತ್ತೆ!”

ಎಲ್ಲರೂ ನಕ್ಕರು. ಮನ್‌ಹೊ ಮಾತ್ರ ನಗಲಿಲ್ಲ.

ಯಾಕೆಂದರೆ ಪ್ಲಾಸ್ಮಾಕ್ಕೆ ಒಂದು ಕೆಟ್ಟ ಗುಣವುಂಟು. ಒಂದೇ ಚಿತ್ರವನ್ನು ಅಲುಗಾಡದಂತೆ ಹೊತ್ತುಗಟ್ಟಲೆ ತೋರಿಸಿದರೆ, ಅದು ಪರದೆಯ ಮೇಲೆ ಅಚ್ಚಾಗಿ ಕೂತುಬಿಡುತ್ತದೆ. ಆಮೇಲೆ ನೀವು ಏನೇ ಹಾಕಿ, ಹಳೆಯ ಗುರುತು ಅದರ ಹಿಂದೆ ಇಣುಕುತ್ತಲೇ ಇರುತ್ತದೆ. ಸಿನಿಮಾ ನೋಡುವವರಿಗೆ, ಕಾಲ್ಚೆಂಡಾಟ ನೋಡುವವರಿಗೆ ಪ್ಲಾಸ್ಮಾದಂಥ ಟಿವಿ ಇನ್ನೊಂದಿಲ್ಲ, ಇದನ್ನು ಮನ್‌ಹೊ ಯಾವ ದೇವರ ಮುಂದೆ ಬೇಕಾದರೂ ಹೇಳುತ್ತಿದ್ದ. ಆದರೆ ಈ ಭೂಮಿಯ ಮೇಲೆ ಪ್ಲಾಸ್ಮಾ ಕೊಡಲೇಬಾರದ ಮನೆಯೊಂದಿದ್ದರೆ ಅದು ದಿನವಿಡೀ ಬಾದುಕ್ ಮಣೆ ನೋಡುವವರ ಮನೆ. ಹುಡುಕಿ ಹುಡುಕಿ ಅಂಥ ಮನೆಗೇ ಮಗಳನ್ನು ಕೊಡುತ್ತಿದ್ದ, ಪುಣ್ಯಾತ್ಮ!

ಗುಮಿ ಊರಿನ ತನ್ನ ಮನೆಗೆ ಬಂದವನೇ ಅವನು ಮೊದಲು ನೋಡಿದ್ದು ತನ್ನ ಟಿವಿಯನ್ನು. ಕಾರ್ಖಾನೆಯ ಮೊದಮೊದಲ ಪ್ಲಾಸ್ಮಾಗಳಲ್ಲಿ ಒಂದು ಅದು, ಬೊರಾ ಶಾಲೆಗೆ ಹೋಗುತ್ತಿದ್ದಾಗ ತಂದದ್ದು. ಭಾರಕ್ಕೆ ಮೇಜೇ ಬಗ್ಗಿತ್ತು. ವಾರ್ತೆ ಓದುವ ಹೆಂಗಸಿನ ಹೆಗಲಿನ ಹತ್ತಿರ, ಕೆಳಗಿನ ಮೂಲೆಯಲ್ಲಿ, ಒಂದು ಪಟ್ಟಿ ಮಸುಕಾಗಿ ಕಾಣುತ್ತಿತ್ತು. ಅದು ಮಲ್‌ಸುನ್ ನೋಡುವ ಶಾಪಿಂಗ್ ಚಾನೆಲ್ಲಿನ ಪಟ್ಟಿ. ಚಾನೆಲ್ ಬದಲಾಗುತ್ತಿತ್ತು, ಪಟ್ಟಿ ಹೋಗುತ್ತಿರಲಿಲ್ಲ.

“ನೋಡು, ಬೊರಾಳ ಅಮ್ಮಾ,” ಅಂದ ಮನ್‌ಹೊ. “ನೀನು ದಿನಕ್ಕೆ ಒಂದಿಷ್ಟು ಹೊತ್ತು ನೋಡಿದ್ದಕ್ಕೇ ಹೀಗಾಗಿದೆ. ಅವರು ಬೆಳಿಗ್ಗೆಯಿಂದ ಸಂಜೆವರೆಗೂ ನೋಡ್ತಾರೆ. ಒಂದು ವರ್ಷ ಸಾಕು. ವಾರ್ತೆಯವಳ ಮುಖದ ಮೇಲೆ ಬಾದುಕ್ ಮಣೆ ಕೂತ್ಕೊಳ್ಳುತ್ತೆ.”

ಮಲ್‌ಸುನ್ ಕಿಮ್ಚಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಹಾಗೇ ನಿಂತಳು. “ಅಯ್ಯೋ ದೇವರೇ. ಹಾಗಿದ್ದ ಮೇಲೆ ಬಾಯಿ ಯಾಕೆ ಬಿಟ್ರಿ? ನಾನು ಚಿವುಟಿದ್ದು ಏನು ಮುದ್ದು ಮಾಡೋಕಾ?”

“ನೀನು ಚಿವುಟೋ ಹೊತ್ತಿಗೆ ಆಗಿಹೋಗಿತ್ತು.”

“ನನ್ನ ಹೊಲಿಗೆ ಮಷೀನು ನೆನಪಿದೆಯಾ ನಿಮಗೆ?” ಎಂದಳು ಅವಳು. ಮಾತು ಮೆತ್ತಗಿತ್ತು, ಅದಕ್ಕೇ ಹೆಚ್ಚು ಚುಚ್ಚಿತು.

ನೆನಪಿಲ್ಲದೆ ಏನು? ಮಲ್‌ಸುನ್ ಮದುವೆಯಾಗಿ ಬರುವಾಗ ತವರಿನಿಂದ ಒಂದು ಹೊಲಿಗೆ ಮಷೀನು ತಂದಿದ್ದಳು. ಬಂದ ವರ್ಷವೇ ಅದು ಕೈಕೊಟ್ಟಿತು. ಅಂದಿನಿಂದ ಮನ್‌ಹೊನ ತಾಯಿ ಕಣ್ಣು ಮುಚ್ಚುವವರೆಗೂ ಮನೆಯಲ್ಲಿ ಏನು ಕೆಟ್ಟರೂ, ಅನ್ನ ಸೀದರೂ, ಬಾಗಿಲು ಕಿರುಗುಟ್ಟಿದರೂ ಒಂದೇ ಮಾತು: “ತವರಿನ ಮಷೀನು ಇದ್ದ ಹಾಗೇ ಇದೆ ಕೆಲಸಾನೂ.” ಮನ್‌ಹೊ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದ. ಒಂದು ದಿನವೂ ತಾಯಿಗೆ ಎದುರಾಡಲಿಲ್ಲ. ಮಲ್‌ಸುನ್ ಅದನ್ನು ಮರೆತಿಲ್ಲವೆಂದು ಅವನಿಗೆ ಗೊತ್ತಿತ್ತು.

“ಆ ಬೀಗಿತ್ತಿ ಒಳ್ಳೆಯವರೇ ಇರಬಹುದು,” ಎಂದಳು. “ನಿಮ್ಮಮ್ಮನೂ ಮದುವೆಗೆ ಮುಂಚೆ ಒಳ್ಳೆಯವರೇ ಇದ್ದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ನನ್ನ ಮಗಳು ನಡುಮನೇಲಿ ಓಡಾಡುವಾಗೆಲ್ಲ ಆ ಟಿವಿ ಅವಳನ್ನ ಅಣಕಿಸಬಾರದು. ಎಲ್‌ಸಿಡಿ ಕೊಡಿ.”

“ನನ್ನ ಕೈಯಾರೆ ಎಲ್‌ಸಿಡೀನಾ?”

“ನಿಮ್ಮ ಕೈಗೆ ಬೆಂಕಿ ಹಾಕ!”

ಈ ಬೈಗುಳದಲ್ಲಿ ಎಷ್ಟು ನೋವಿದೆ ಎಂದು ತಿಳಿಯಬೇಕಾದರೆ ಮನ್‌ಹೊನ ಕಾರ್ಖಾನೆ ನೋಡಬೇಕು. ಒಂದೇ ಕಂಪನಿ, ಒಂದೇ ಗೇಟು, ಊಟದ ಹಾಲೂ ಒಂದೇ. ಆದರೆ ಕಟ್ಟಡ ಎರಡು. ಒಂದರಲ್ಲಿ ಪ್ಲಾಸ್ಮಾ, ಇನ್ನೊಂದರಲ್ಲಿ ಎಲ್‌ಸಿಡಿ. ಎರಡೂ ಕಟ್ಟಡದವರು ಸವತಿ ಮಕ್ಕಳ ಹಾಗೆ. ಮೊದಲೆಲ್ಲ ಪ್ಲಾಸ್ಮಾದವರದ್ದೇ ದರಬಾರು, ದೊಡ್ಡ ಪರದೆ ಬೇಕೆಂದರೆ ಅವರ ಹತ್ತಿರವೇ ಬರಬೇಕಿತ್ತು. ಆಮೇಲೆ ಎಲ್‌ಸಿಡಿಯವರೂ ದೊಡ್ಡದು ಮಾಡಿದರು, ತೆಳ್ಳಗೆ ಮಾಡಿದರು, ಅಗ್ಗ ಮಾಡಿದರು. ಈಗ ಊಟದ ಸಾಲಿನಲ್ಲಿ ಅವರ ಹುಡುಗರು, “ಚಳಿ ಶುರುವಾಯ್ತಲ್ಲ ಅಣ್ಣಾ, ನಿಮ್ಮ ಒಲೆಗಳನ್ನ ಹಚ್ಚಿದ್ರಾ?” ಎಂದು ಕೇಳಿ ಕಿಸಕ್ಕೆಂದು ನಗುತ್ತಾರೆ. ಮನ್‌ಹೊನದು ಕೊನೆಯ ತಪಾಸಣೆಯ ಕೋಣೆ. ಹೊಸ ಪರದೆಗಳನ್ನು ಸಾಲಾಗಿ ನಿಲ್ಲಿಸಿ, ಹಗಲಿಡೀ ಉರಿಸಿ ನೋಡುವ ಜಾಗ. ಹಿಮ ಬೀಳುವ ದಿನವೂ ಅಲ್ಲಿ ಬೆವರು. ಒಂದೊಂದರ ಮೇಲೂ ಬಿಳಿ ಕೈಗವಸು ಹಾಕಿದ ಅಂಗೈ ಇಟ್ಟು, ಬಿಸಿ ಎಲ್ಲ ಕಡೆ ಒಂದೇ ಸಮ ಇದೆಯಾ ಎಂದು ನೋಡುವುದು ಅವನ ಅಭ್ಯಾಸ. ಹಾಗೆ ನೋಡು ಎಂದು ಯಾವ ನಿಯಮವೂ ಇರಲಿಲ್ಲ.

ಅದೇ ವಾರ ವಿಭಾಗದ ಮುಖ್ಯಸ್ಥ ಎಲ್ಲರನ್ನೂ ಸೇರಿಸಿ, ನೆಲ ನೋಡಿಕೊಂಡೇ ಹೇಳಿದ: ಪ್ಲಾಸ್ಮಾ ಕಟ್ಟಡ ಈ ಚಳಿಗಾಲದಲ್ಲಿ ಶಾಶ್ವತವಾಗಿ ಮುಚ್ಚುತ್ತದೆ. ವಯಸ್ಸಾದವರಿಗೆ ಬೇರೆ ಜಾಗವಿಲ್ಲ. ಪತ್ರಿಕೆಯಲ್ಲಿ ಬರುವವರೆಗೂ ಹೊರಗೆ ಯಾರೂ ಬಾಯಿ ಬಿಡಬಾರದು.

ಮನ್‌ಹೊ ಮನೆಯಲ್ಲೂ ಬಾಯಿ ಬಿಡಲಿಲ್ಲ. ಮಗಳ ಮದುವೆಯನ್ನು ಕೆಲಸದಲ್ಲಿರುವಾಗಲೇ ಮಾಡಿ ಮುಗಿಸಬೇಕು ಅನ್ನುವುದು ಅವನ ಓರಗೆಯವರೆಲ್ಲರ ಹಟ. ಮದುವೆ ಹಾಲಿನ ಬಾಗಿಲಲ್ಲಿ ಕಂಪನಿಯ ಹೆಸರಿನ ಪಟ್ಟಿ ತೂಗಿದ ಹೂವಿನ ಅಲಂಕಾರ ನಿಂತಿರಬೇಕು, ಹೆಣ್ಣಿನ ತಂದೆ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಉತ್ತರವಿರಬೇಕು. ಮದುವೆ ಮೊದಲು ಬರುತ್ತದೋ ಪತ್ರಿಕೆಯ ಸುದ್ದಿ ಮೊದಲು ಬರುತ್ತದೋ ಎನ್ನುವುದೇ ಈಗ ಅವನ ಜಪವಾಯಿತು. ಪ್ಲಾಸ್ಮಾ ಕೊಟ್ಟರೆ ಅಚ್ಚು ಬೀಳುತ್ತದೆ, ಕಾರ್ಖಾನೆ ಮುಚ್ಚಿದ ಮೇಲೆ ರಿಪೇರಿಗೂ ದಿಕ್ಕಿಲ್ಲ. ಎಲ್‌ಸಿಡಿ ಕೊಟ್ಟರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಎಲ್ಲವೂ ಹೊರಗೆ ಬರುತ್ತದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕಂಪನಿಯ ಅಂಗಡಿ ನೋಡಿಕೊಳ್ಳುತ್ತಿದ್ದವನು ಪಿಲ್‌ಗು. ಹಿಂದೆ ಪ್ಲಾಸ್ಮಾ ಕಟ್ಟಡದಲ್ಲಿ ಮನ್‌ಹೊನ ಕೈಕೆಳಗೆ ಪಳಗಿದವನು. ಶನಿವಾರ ಅಪ್ಪ ಮಗಳು ಇಬ್ಬರೂ ಹೋದರು. ಗೋಡೆಗೆ ಎರಡೂ ಟಿವಿ ಅಕ್ಕಪಕ್ಕ ಹಾಕಿದ್ದ. ಅಂಗಡಿಯ ಬೆಳ್ಳನೆಯ ಬೆಳಕಿನಲ್ಲಿ ಎಲ್‌ಸಿಡಿ ಕಣ್ಣು ಕುಕ್ಕುತ್ತಿತ್ತು. ಪ್ಲಾಸ್ಮಾ ಜ್ವರ ಬಂದವರ ಹಾಗೆ ಮಂಕಾಗಿತ್ತು. ಬಂದ ಗಿರಾಕಿಗಳೆಲ್ಲ ಬೆಲ್ಲಕ್ಕೆ ನೊಣ ಮುತ್ತಿದಂತೆ ಎಲ್‌ಸಿಡಿಯ ಮುಂದೆಯೇ.

“ದೀಪ ಆರಿಸೋ ಪಿಲ್‌ಗು,” ಅಂದ ಮನ್‌ಹೊ. ಸುಮ್ಮನಿರಲಾಗಲಿಲ್ಲ.

“ಗಿರಾಕಿಗಳಿದ್ದಾರೆ ಅಣ್ಣಾ.”

“ಒಂದು ಗಳಿಗೆ ಆರಿಸು ಅಂದ್ನಲ್ಲ.”

ದೀಪ ಆರಿತು. ಎಲ್‌ಸಿಡಿಯಲ್ಲಿ ರಾತ್ರಿಯ ಆಕಾಶ ಬೂದಿ ಬಳಿದ ಹಾಗೆ ಕಾಣಿಸಿತು. ಪ್ಲಾಸ್ಮಾದಲ್ಲಿ ಕಪ್ಪು ಕಪ್ಪಗೇ ಇತ್ತು. ಯಾರೋ ಒಬ್ಬರು ಓಹ್ ಎಂದರು. ಮನ್‌ಹೊನ ಎದೆ ಉಬ್ಬಿತು. ದೀಪ ಮತ್ತೆ ಹತ್ತಿತು, ಓಹ್ ಅಂದವರೇ ಎಲ್‌ಸಿಡಿಯ ಬೆಲೆ ಕೇಳಿದರು.

ಬೊರಾ ಮಾತ್ರ ಪ್ಲಾಸ್ಮಾದ ಹತ್ತಿರ ಹೋಗಿ, ಅದರ ಮೇಲಂಚಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. “ಇದೇ ಅಪ್ಪಾ. ನಿಮ್ಮದೇ ಬೇಕು.”

“ಎಲ್‌ಸಿಡಿ ತೆಳ್ಳಗಿದೆ, ಕರೆಂಟೂ ಕಮ್ಮಿ…”

“ನಿಮ್ಮದೇ ಬೇಕು ಅಂದೆ.”

ಅಪ್ಪನ ಮನಸ್ಸು ನೋಯದಿರಲಿ ಎಂದು ಹೇಳುತ್ತಿದ್ದಾಳೆ ಎಂದುಕೊಂಡ ಮನ್‌ಹೊ. ಕಣ್ಣು ಮಂಜಾಯಿತು. ಅವಳನ್ನು ಬಸ್ಸಿಗೆ ಹತ್ತಿಸಿದವನು ಕಾಲೆಳೆದುಕೊಂಡು ಅಂಗಡಿಗೆ ಹಿಂದಿರುಗಿದ.

“ಪಿಲ್‌ಗು, ಅದು ಬೇಡ. ಎಲ್‌ಸಿಡಿ ಕಳಿಸು. ಡಬ್ಬ ಆ ಮನೆಯಲ್ಲಿ ಬಿಡಬೇಡ, ವಾಪಸ್ ತಂದುಬಿಡು. ಚೀಟಿ ಅಂಟಿಸಿರೋದನ್ನೆಲ್ಲ ಕಿತ್ತುಹಾಕು. ಕಂಪನಿ ಹೆಸರು ಎರಡಕ್ಕೂ ಒಂದೇ ತಾನೇ? ಯಾರಿಗೆ ಗೊತ್ತಾಗುತ್ತೆ?”

ಪಿಲ್‌ಗು ಬಾಯಿ ತೆರೆದುಕೊಂಡು ನೋಡಿದ. “ಅಣ್ಣಾ, ಈ ಮಾತು ನೀವು ಹೇಳ್ತಿದ್ದೀರಾ? ನಾನು ಕೈಗವಸು ಹಾಕದೆ ಪರದೆ ಮುಟ್ಟಿದ್ದಕ್ಕೆ ನನ್ನ ತಲೆಗೆ ಮೊಟಕಿದೋರು ನೀವು.”

“ಈಗಲೂ ಮೊಟಕ್ತೀನಿ. ಹೇಳಿದಷ್ಟು ಮಾಡು.”

ಟಿವಿ ಹೋಯಿತು. ಆಗಿನಿಂದ ಫೋನು ಸದ್ದು ಮಾಡಿದರೆ ಮನ್‌ಹೊನ ಎದೆ ಡವಡವ. ಅದೇ ಸಂಜೆ ಮಿನ್ ಮೇಷ್ಟ್ರದೇ ಫೋನು ಬಂತು. “ಬೀಗರೇ, ಟಿವಿ ಬಂತು. ಏನು ಹೇಳಲಿ! ಕಲ್ಲಿನ ಮೇಲೆ ಬಿದ್ದ ಬೆಳಕೂ ಕಾಣುತ್ತೆ. ಆಟಗಾರನ ಉಗುರೂ ಕಾಣುತ್ತೆ. ನೀವು ಅವತ್ತು ಹೇಳಿದ್ದು ಅಕ್ಷರಶಃ ನಿಜ. ನಮ್ಮ ಪಕ್ಕದ ಮನೆಯಲ್ಲಿ ಎಲ್‌ಸಿಡಿ ಇದೆ, ಇದರ ಕಾಲಿನ ಧೂಳಿಗೂ ಸಮ ಅಲ್ಲ.”

ಮನ್‌ಹೊ ಹೂಂ ಎಂದ, ಸಂತೋಷ ಎಂದ, ಫೋನು ಇಟ್ಟು ಗೋಡೆಗೆ ಒರಗಿ ಕೂತ. ಸಿಕ್ಕಿಬೀಳಲಿಲ್ಲವಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಜೀವಮಾನವಿಡೀ ಬೈದ ಎಲ್‌ಸಿಡಿಗೆ ತನ್ನ ಹೆಸರು ಹೇಳಿ ಹಾರ ಹಾಕುತ್ತಿದ್ದಾರೆ. ಕಣ್ಣಿಗೆ ಎರಡೂ ಒಂದೇ ಎಂದಮೇಲೆ ಅಷ್ಟು ವರ್ಷ ಆ ಬೆವರಿನ ಕೋಣೆಯಲ್ಲಿ ನಿಂತದ್ದು ಯಾತಕ್ಕೆ ಎಂದು ಹೊಟ್ಟೆ ಉರಿಯಿತು.

ಮದುವೆಗೆ ಇನ್ನೇನು ಕೆಲವೇ ದಿನ ಇರುವಾಗ ಪತ್ರಿಕೆಯಲ್ಲಿ ಸುದ್ದಿ ಬಂತು. ಬಚ್ಚಿಟ್ಟದ್ದಕ್ಕೆ ಮಲ್‌ಸುನ್ ಕೂಗಾಡಿದಳು, ಅತ್ತಳು, ಆಮೇಲೆ ಅವನಿಗೆ ಅನ್ನ ಬಡಿಸಿ ತಾನು ಉಣ್ಣದೆ ಕೂತಳು. ಊಟ ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು.

“ಭಾನುವಾರ ಮೂರೂ ಜನ ಊಟಕ್ಕೆ ಬನ್ನಿ ಬೀಗರೇ,” ಅಂದರು ಮಿನ್ ಮೇಷ್ಟ್ರು. “ನಮ್ಮಣ್ಣನೂ ಬರ್ತಾನೆ. ಸ್ವಲ್ಪ ಮಾತಾಡೋದಿದೆ ಅಂದ.”

“ಮುಗೀತು,” ಅಂದಳು ಮಲ್‌ಸುನ್. “ಅಣ್ಣನ್ನ ಕರೆಸ್ತಾರೆ ಅಂದ್ರೆ ಸಂಬಂಧ ಮುರಿಯೋಕೇ ಕರೆಸೋದು.”

ದೇಗುವಿನ ಮನೆಯ ಅಂಗಳದಲ್ಲಿ ಗಾಮ್ ಮರ ಎಲೆ ಉದುರಿಸಿ, ಕೆಂಚು ಹಣ್ಣುಗಳನ್ನು ಮಾತ್ರ ಹೊತ್ತು ನಿಂತಿತ್ತು. ಒಳಗೆ ನಡುಮನೆಯ ಗೋಡೆಯಲ್ಲಿ ಟಿವಿ. ಅದರಲ್ಲಿ ಬಾದುಕ್ ಮಣೆ. ಯಾರೋ ಒಬ್ಬ ಆಟಗಾರ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಲೇ ಇದ್ದ. ಮನ್‌ಹೊ ಅದರ ಕಡೆ ನೋಡದಂತೆ ಕೂರಲು ಜಾಗ ಹುಡುಕಿದ. ಮೇಷ್ಟ್ರು ಸರಿಯಾಗಿ ಅದರ ಎದುರಿಗೇ ಕೂರಿಸಿದರು.

ಮೇಷ್ಟ್ರ ಅಣ್ಣ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಮಾತಿಗೆ ಮುಲಾಜಿಲ್ಲ. ಬೊರಾಗೆ ಅವರು ಆಗಲೇ ದೊಡ್ಡಪ್ಪ. ಸಾರಿನ ಬಟ್ಟಲು ಕೆಳಗಿಡುತ್ತಲೇ ಶುರುಮಾಡಿದರು.

“ನಿಮ್ಮ ಕಾರ್ಖಾನೆ ಮುಚ್ಚುತ್ತಂತಲ್ಲ?”

ಮನ್‌ಹೊ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟ. “ಹೌದು. ಮುಚ್ಚುತ್ತೆ. ನನ್ನ ಕೆಲಸಾನೂ ಹೋಗುತ್ತೆ. ಮೊದಲೇ ಹೇಳಬೇಕಿತ್ತು. ಹೇಳೋಕೆ ಧೈರ್ಯ ಬರಲಿಲ್ಲ.”

“ಮದುವೆಗೆ ಬಂದ ನಾಲ್ಕು ಜನ ಕೇಳ್ತಾರೆ, ಹೆಣ್ಣಿನ ತಂದೆ ಏನು ಮಾಡ್ತಾರೆ ಅಂತ. ನಾವೇನು ಹೇಳೋಣ?”

ಮಲ್‌ಸುನ್ ತಲೆ ತಗ್ಗಿಸಿದಳು. ಜುನ್‌ಸೊಪ್ ಏನೋ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಮಿನ್ ಮೇಷ್ಟ್ರು ಮಾತಾಡಿದರು. ಅವರು ದನಿ ಎತ್ತಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

“ಏನು ಹೇಳೋದಾ? ಅಲ್ಲಿ ನೋಡು ಅಂತ ಹೇಳು! ಕೆಲಸ ಹೋದರೆ ಕೈ ಹೋಗುತ್ತಾ ಅಣ್ಣಾ? ಈ ಟಿವಿ ನಮ್ಮ ಬೀಗರ ಕೈಯಲ್ಲಿ ಹಾದು ಬಂದದ್ದು. ಇನ್ನು ಮೇಲೆ ದುಡ್ಡು ಸುರಿದರೂ ಇಂಥದ್ದು ಸಿಗಲ್ಲ. ಮಾತು ಕೊಟ್ಟರು, ಕಾರ್ಖಾನೆ ಮುಳುಗ್ತಾ ಇದ್ದರೂ ನಡೆಸಿಕೊಟ್ಟರು. ಇಷ್ಟು ಸಾಲದಾ ನನಗೆ, ಅವರು ಎಂಥವರು ಅಂತ ತಿಳಿಯೋಕೆ?”

ಮನ್‌ಹೊಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈಗ ಅವನ ಮಾನ, ಮಗಳ ಮದುವೆ, ಈ ಒಳ್ಳೆಯ ಮನುಷ್ಯನ ನಂಬಿಕೆ, ಮೂರೂ ಆ ಸುಳ್ಳು ಟಿವಿಯ ಮೊಳೆಗೇ ನೇತಾಡುತ್ತಿದ್ದವು.

ಅಣ್ಣನವರು ಸ್ವಲ್ಪ ಮೆತ್ತಗಾದರು. ಟಿವಿಯನ್ನು ಕತ್ತು ಓರೆ ಮಾಡಿ ನೋಡಿದರು. “ನಮ್ಮ ಬ್ಯಾಂಕಿನಲ್ಲೂ ಒಂದು ಪ್ಲಾಸ್ಮಾ ಇತ್ತು ಕಣಯ್ಯ. ಚಳಿಗಾಲದಲ್ಲಿ ಹುಡುಗರೆಲ್ಲ ಅದರ ಹತ್ತಿರವೇ ನಿಲ್ಲೋರು. ಒಲೆ ಇದ್ದ ಹಾಗೆ ಕಾಯೋದು. ಇದು ಬೆಳಿಗ್ಗೆಯಿಂದ ಉರೀತಾ ಇದೆ ಅಲ್ವಾ? ನೋಡೋಣ ತಾಳು.”

ಎಂದವರೇ ನೆಲಕ್ಕೆ ಕೈಯೂರಿ ಎದ್ದರು. ಎಲ್‌ಸಿಡಿಯ ನೆತ್ತಿ ಹಾಗೆ ಕಾಯುವುದಿಲ್ಲ. ಮುಟ್ಟಿದರೆ ಮುಗಿಯಿತು.

ಸುಲಿದ ಗಾಮ್ ಹಣ್ಣಿನ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಬೊರಾ ನಗುತ್ತಲೇ ನಡುವೆ ಬಂದಳು. “ನೀವು ಕೂತ್ಕೊಳ್ಳಿ ದೊಡ್ಡಪ್ಪ, ಮೊಣಕಾಲು ನೋವು ಅಂತಿದ್ರಿ. ನಾನು ನೋಡ್ತೀನಿ.” ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಲ ಅಂಗೈಯನ್ನು ಟಿವಿಯ ಮೇಲಂಚಿನ ಮೇಲಿಟ್ಟಳು.

ಅವಳ ನಗು ಹಾಗೆಯೇ ಇತ್ತು. ಕಣ್ಣಿನೊಳಗೆ ಮಾತ್ರ ಏನೋ ಆರಿತು. ಅದನ್ನು ನೋಡಿದವನು ಮನ್‌ಹೊ ಒಬ್ಬನೇ. ಅವಳು ಅಪ್ಪನ ಮುಖವನ್ನೇ ನೋಡಿದಳು, ಕೈ ತೆಗೆಯಲಿಲ್ಲ.

“ಅಬ್ಬಾ, ಕಾದಿದೆ ದೊಡ್ಡಪ್ಪ! ಯಾರೂ ಮುಟ್ಟಬೇಡಿ. ಬೆರಳಿನ ಗುರುತು ಬಿದ್ದರೆ ನಮ್ಮಪ್ಪ ಮೊಟಕ್ತಾರೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಅಣ್ಣನವರೂ ನಕ್ಕು ಕೂತು ಹಣ್ಣು ಬಾಯಿಗೆ ಹಾಕಿಕೊಂಡರು. ಮೇಷ್ಟ್ರು ಮನ್‌ಹೊನ ಬಟ್ಟಲಿಗೆ ಸೋಜು ಸುರಿದರು. ಮದುವೆಯ ದಿನ ಯಾರು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಮಾತು ಮುಂದೆ ಹೋಯಿತು. ಸಂಬಂಧ ಉಳಿಯಿತು. ಮಲ್‌ಸುನ್ ಬೀಗಿತ್ತಿಯ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು.

ಹೊರಟಾಗ ಜುನ್‌ಸೊಪ್ ಕಾರು ತರಲು ಹೋದ. ಮಲ್‌ಸುನ್ ಬಾಗಿಲಲ್ಲಿ ಬೀಗಿತ್ತಿಯ ಜೊತೆ ಬುತ್ತಿಯ ಗಂಟಿಗಾಗಿ, ಬೇಡ ಬೇಡ, ತಗೊಳ್ಳಿ ತಗೊಳ್ಳಿ ಎಂದು ಜಗ್ಗಾಡುತ್ತಿದ್ದಳು. ಅಪ್ಪ ಮಗಳು ಗಾಮ್ ಮರದ ಕೆಳಗೆ ನಿಂತರು.

“ಅದು ನಿಮ್ಮದಲ್ಲ ಅಲ್ವಾ ಅಪ್ಪಾ?”

“ಅಲ್ಲ.”

“ಯಾಕೆ ಹೀಗೆ ಮಾಡಿದ್ರಿ?”

ಮನ್‌ಹೊ ಎಲ್ಲ ಹೇಳಿದ. ಅಚ್ಚು ಬೀಳುವ ಗೆರೆಗಳು, ಮುಚ್ಚುವ ಕಾರ್ಖಾನೆ, ಅಮ್ಮನ ಹೊಲಿಗೆ ಮಷೀನು. “ನಿಮ್ಮಮ್ಮ ಕೇಳಿದ ಮಾತು ನೀನು ಕೇಳಬಾರದು ಅಂತ ಮಾಡಿದೆ ಮಗಳೇ. ಅವರ ಮುಂದೆ ನೀನು ಸುಳ್ಳು ಹೇಳೋ ಹಾಗಾಯ್ತು. ನನ್ನ ಮರ್ಯಾದೆಗೆ ಅಂತ ನೀನು ಆ ಟಿವಿ ಕೇಳಿದ್ದೆ, ಅದು ನನಗೆ ಗೊತ್ತಿತ್ತು…”

“ನಿಮ್ಮ ಮರ್ಯಾದೆಗೆ ಅಂತ ಕೇಳಲಿಲ್ಲ ಅಪ್ಪಾ.”

ಬೊರಾ ತನ್ನ ಬಲ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

“ನಾನು ಶಾಲೆಯಿಂದ ಬಂದಾಗ ನೀವೂ ಇರ್ತಿರಲಿಲ್ಲ, ಅಮ್ಮನೂ ಇರ್ತಿರಲಿಲ್ಲ. ಮನೆಯೆಲ್ಲ ತಣ್ಣಗೆ, ಕತ್ತಲೆ. ನನಗೆ ಹೆದರಿಕೆ ಆಗೋದು. ಟಿವಿ ಹಾಕಿ ಅದರ ನೆತ್ತಿ ಮೇಲೆ ಕೈಯಿಟ್ಕೊಂಡು ನಿಲ್ತಿದ್ದೆ. ನೋಡ್ತಾನೂ ಇರಲಿಲ್ಲ. ಅದು ಕಾಯ್ತಾ ಕಾಯ್ತಾ ಅಪ್ಪ ಬಂದ್ರು ಅನ್ನಿಸೋದು. ಇಲ್ಲಿ ಎಲ್ಲ ಒಳ್ಳೆಯವರೇ ಅಪ್ಪಾ. ಆದರೂ ನನ್ನವರು ಅಂತ ಯಾರೂ ಇಲ್ಲ. ಹೆದರಿಕೆ ಆದಾಗ ಕೈಯಿಡೋಕೆ ಒಂದು ಜಾಗ ಇರಲಿ ಅಂತ ಕೇಳಿದ್ದೆ.”

ಬೀಗರು ಏನನ್ನುತ್ತಾರೋ, ಬೀಗಿತ್ತಿ ಏನನ್ನುತ್ತಾಳೋ, ನಾಲ್ಕು ಜನ ಏನನ್ನುತ್ತಾರೋ ಎಂದು ಮನ್‌ಹೊ ಎಲ್ಲರ ಬಾಯಿಗೂ ಹೆದರಿ ಸತ್ತಿದ್ದ. ಮಗಳಿಗೂ ಒಂದು ಹೆದರಿಕೆ ಇರಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಅಂಗಡಿಯಲ್ಲಿ ಅವಳು ಅಂಗೈ ಇಟ್ಟು ನಿಂತದ್ದನ್ನು ಕಣ್ಣಾರೆ ನೋಡಿದ್ದ. ನೋಡಿಯೂ ತನ್ನ ಹೆಸರನ್ನೇ ನೋಡಿಕೊಂಡಿದ್ದ.

“ನಮ್ಮನೇದು ತಗೊಂಡು ಹೋಗು,” ಅಂದ ಕೊನೆಗೆ. “ನಿನ್ನ ರೂಮಿನಲ್ಲಿ ಇಟ್ಕೋ. ಅದೇ ಹಳೇದು. ನಾನೇ ಹೊತ್ಕೊಂಡು ಬರ್ತೀನಿ.”

ಬುತ್ತಿಯ ಗಂಟು ಹಿಡಿದು ಆಗಷ್ಟೇ ಹತ್ತಿರ ಬಂದ ಮಲ್‌ಸುನ್‌ಗೆ ಈ ಕೊನೆಯ ಮಾತು ಕೇಳಿಸಿತು. “ಏನು, ಹಳೇ ಟಿವೀನಾ? ಮದುಮಗಳು ಹಳೇ ಸಾಮಾನು ಹೊತ್ಕೊಂಡು ಗಂಡನ ಮನೆಗೆ ಹೋಗೋದಾ? ನಿಮಗೆ ತಲೆಗಿಲೆ ಕೆಟ್ಟಿದೆಯಾ? ಊರಿನವರು ಉಗೀತಾರೆ!”

“ಉಗೀಲಿ,” ಅಂದ ಮನ್‌ಹೊ. ಆಮೇಲೆ ಮಗಳ ಕಡೆ ತಿರುಗಿ, ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ: “ಒಂದೇ ಒಂದು ತೊಂದರೆ, ಅದರ ಮೂಲೇಲಿ ಕಲೆ ಇದೆ ಕಣಮ್ಮ. ನಿಮ್ಮಮ್ಮನ ಶಾಪಿಂಗ್ ಚಾನೆಲ್ಲಿನ ಪಟ್ಟಿ. ಏನು ಮಾಡಿದರೂ ಹೋಗಲ್ಲ.”

“ಇರಲಿ ಬಿಡಿ ಅಪ್ಪಾ,” ಅಂದಳು ಬೊರಾ, ಕೆನ್ನೆ ಒರೆಸಿಕೊಂಡು. “ಅಮ್ಮನೂ ಜೊತೆಗೆ ಬಂದ ಹಾಗಾಯ್ತು.”

ಮುಂದಿನ ಬೈಗುಳಕ್ಕೆ ಬಾಯಿ ತೆರೆದಿದ್ದ ಮಲ್‌ಸುನ್ ಗಂಟನ್ನು ಗಂಡನ ಕೈಗೆ ತುರುಕಿ, ಗೋಡೆಯ ಕಡೆ ತಿರುಗಿಕೊಂಡಳು. ಕಾರು ಬಂದು ಬಾಗಿಲಲ್ಲಿ ನಿಂತಿತು.